ಹೋಗಿ ಬರ್ತೀವಿ ಅಂದದ್ದು

ದಾವಣಗೆರೆ ನಿಲ್ದಾಣ

ಊರಿಗೆ ಹೊರಟವರ ಚೀಲದ ಹಿಡಿಯನ್ನು ನಮ್ಮತ್ತೆ ಸುಲಭಕ್ಕೆ ಬಿಡುವವರಲ್ಲ. ಹೊರಟವರು "ಹೋಗಿ ಬರ್ತೀನಿ" ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಅತ್ತೆಯ ಬೆರಳು ಸಡಿಲವಾಗುತ್ತವೆ. ಅವಸರದಲ್ಲಿ ಯಾರಾದರೂ "ಹೋಗ್ತೀನಿ" ಅಂದುಬಿಟ್ಟರೆ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾದ ಮಾತು ಹೇಳಿಸಿಯೇ ಕಳಿಸುತ್ತಾರೆ. ಗ್ಯಾಸ್ ಸಿಲಿಂಡರ್ ತಂದವನಿಗೂ ಇದರಿಂದ ವಿನಾಯಿತಿ ಇಲ್ಲ.

ಆ ಸಂಜೆ ಬೆಂಗಳೂರಿನ ರೈಲು ಬಂದು ನಿಂತಿತ್ತು. ನಮ್ಮವರು ಸೂಟ್‌ಕೇಸುಗಳನ್ನು ಬೋಗಿಗೆ ಏರಿಸಿ, ಮಗಳು ಸಂಪದಾಳನ್ನು ಕಿಟಕಿ ಪಕ್ಕ ಕೂರಿಸಿ ಇಳಿದಿದ್ದರು. ನಾನು ಮಾತ್ರ ಇನ್ನೂ ಪ್ಲಾಟ್‌ಫಾರ್ಮಿನಲ್ಲೇ ಇದ್ದೆ. ಕೈಚೀಲದ ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಅತ್ತೆಯ ಕೈಯಲ್ಲಿ.

"ಅತ್ತೆ, ರೈಲು ಬಿಡ್ತೈತೆ."

"ಬಿಟ್ರೆ ಬಿಡ್ಲಿ. ಅಂದು ಹತ್ತು."

"ಹೋಗಿ ಬರ್ತೀವಿ ಅತ್ತೆ."

"ಹಾಂ, ಹೋಗ್ ಬರ್ರಿ. ಕೂಸಿನ್ನ ಅಲ್ಲೇ ಬಿಟ್ಟು ಬರಬ್ಯಾಡ ಮತ್ತೆ. ನಿನ್ನ ಸಂಗ್ತೀನೇ ಕರ್ಕೊಂಡು ಬಾ."

ಬೆರಳು ಸಡಿಲವಾದವು. ಓಡಿ ಹತ್ತಿದೆ.

ನಾವು ಹೊರಟಿದ್ದು ಜಾರ್ಜಿಯಾ ದೇಶದ ತ್ಬಿಲಿಸಿಗೆ. ಅಲ್ಲಿನ ಒಂದು ಬ್ಯಾಲೆ ಶಾಲೆ ಬೇಸಿಗೆಯಲ್ಲಿ ಹೊರದೇಶದ ಮಕ್ಕಳನ್ನೂ ಸೇರಿಸಿಕೊಂಡು ಮೂರು ವಾರ ತರಬೇತಿ ಕೊಟ್ಟು, ಕೊನೆಗೆ ರಂಗದ ಮೇಲೆ ನಿಲ್ಲಿಸುತ್ತದೆ. ಹದಿಮೂರು ವರ್ಷದ ಸಂಪದಾ ಕಳಿಸಿದ ವಿಡಿಯೊ ನೋಡಿ ಅವರು ಬಾ ಅಂದಿದ್ದರು. ದಾವಣಗೆರೆಯ ಹುಡುಗಿಗೆ ಬ್ಯಾಲೆ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಅವಳು ಭರತನಾಟ್ಯ ಕಲಿಯಲು ನಿಟ್ಟುವಳ್ಳಿಯ ಒಂದು ಮಹಡಿ ಹಾಲ್‌ಗೆ ಹೋಗುತ್ತಿದ್ದಳು. ಶನಿವಾರ ಅದೇ ಹಾಲ್‌ನಲ್ಲಿ ಬೆಂಗಳೂರಿನಿಂದ ಬರುವ ಟೀಚರೊಬ್ಬರು ಬ್ಯಾಲೆ ಹೇಳಿಕೊಡುತ್ತಿದ್ದರು. ಗೆಜ್ಜೆ ಬಿಚ್ಚುತ್ತಾ ಬಾಗಿಲಲ್ಲಿ ನಿಂತು ನೋಡಿದವಳು, ಕ್ರಮೇಣ ಗೆಜ್ಜೆಯನ್ನು ಡಬ್ಬಿಗೆ ಹಾಕಿ ಒಳಗೇ ಸೇರಿಕೊಂಡಳು. ಹರಿಹರದಲ್ಲಿ ಲೇಥ್ ಶೆಡ್ ಇಟ್ಟುಕೊಂಡಿರುವ ನಮ್ಮವರು ಒಂದು ಪೈಪು ಕೊಯ್ದು ತಂದು, ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಪಡಸಾಲೆ ಗೋಡೆಗೆ ಕೂರಿಸಿಕೊಟ್ಟರು. ಅದನ್ನು ಹಿಡಿದು ಅವಳು ಕಾಲೆತ್ತುತ್ತಾಳೆ. ಉಳಿದ ಹೊತ್ತಿನಲ್ಲಿ ಅತ್ತೆ ಅದರ ಮೇಲೆ ಸೀರೆ ಒಣಹಾಕುತ್ತಾರೆ.

ಅವಳು ಮೊದಲ ಸಲ ಒಂಟಿಗಾಲಲ್ಲಿ ಗರಗರ ತಿರುಗಿದ ದಿನ ಅತ್ತೆ ಅವರೆಕಾಯಿ ಸುಲಿಯುವುದನ್ನು ಬಿಟ್ಟು ಎದ್ದು ನಿಂತಿದ್ದರು. "ಯವ್ವಾ, ಗಾಳಿ ಸೋಕೈತೆ ಕೂಸಿಗೆ! ನಡೀರಿ ಉಕ್ಕಡಗಾತ್ರಿಗೆ, ಅಜ್ಜಯ್ಯನೇ ಬಿಡಿಸಬೇಕು." ಗಾಳಿ ಬಿಡಿಸಲು ನಮ್ಮ ಕಡೆಯವರು ಹೋಗುವುದು ಹೊಳೆದಂಡೆಯ ಆ ಕರಿಬಸವೇಶ್ವರನ ಗುಡಿಗೇ. ಇದು ಗಾಳಿಯಲ್ಲ, ಕಲಿತದ್ದು ಎಂದು ಒಪ್ಪಿಸುವುದಕ್ಕೆ ನಮಗೆ ಬಹಳ ದಿನ ಹಿಡಿಯಿತು. ಪೂರ್ತಿ ಒಪ್ಪಿದ್ದಾರೆಂದು ಈಗಲೂ ಹೇಳಲಾರೆ.

ನನ್ನ ಇಂಗ್ಲಿಷಿನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಾನು ಓದಿದ್ದು ಹರಿಹರದ ಕಾನ್ವೆಂಟಿನಲ್ಲಿ. ಸಂಜೆ ಗಂಟೆ ಹೊಡೆದ ಮೇಲೆ ನಾವು ಹುಡುಗಿಯರು "ಗೋ ಅಂಡ್ ಕಮ್, ಸಿಸ್ಟರ್" ಎಂದು ಸಾಲಾಗಿ ಹೊರಡುತ್ತಿದ್ದೆವು. ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ, "ಗೋ ವೇರ್? ಕಮ್ ವೆನ್? ಸೇ ಗುಡ್‌ಬೈ" ಎನ್ನುತ್ತಿದ್ದರು. ಉಳಿದದ್ದನ್ನೆಲ್ಲ ಅವರು ತಿದ್ದಿದರು, ಇದೊಂದನ್ನು ತಿದ್ದಲು ಅವರಿಂದ ಆಗಲಿಲ್ಲ. ಹಿರಿಯರ ಮುಖ ನೋಡಿ ಗುಡ್‌ಬೈ ಎನ್ನಲು ನನ್ನ ನಾಲಿಗೆ ಇವತ್ತಿಗೂ ಏಳುವುದಿಲ್ಲ.

ವಿಮಾನ ನಿಲ್ದಾಣದ ಮೇಜು

ನಮ್ಮ ಒಂದು ಸೂಟ್‌ಕೇಸಿನ ತುಂಬ ಮಂಡಕ್ಕಿ ಇತ್ತು. ಸಸ್ಯಾಹಾರ ಸಿಗುತ್ತದೋ ಇಲ್ಲವೋ ಎಂದು ಅತ್ತೆಯೇ ಮಂಡಕ್ಕಿ ಭಟ್ಟಿಯಿಂದ ತರಿಸಿ, ಒತ್ತಿ ಒತ್ತಿ ತುಂಬಿದ್ದರು. ತ್ಬಿಲಿಸಿಯಲ್ಲಿ ತಪಾಸಣೆಯ ಅಧಿಕಾರಿ ಆ ದೊಡ್ಡ ಪೆಟ್ಟಿಗೆಯನ್ನು ಮೇಜಿಗೆ ಎತ್ತಲು ಕಾಲು ಅಗಲಿಸಿ, ಉಸಿರು ಬಿಗಿಹಿಡಿದು ಎಳೆದ. ಹಗುರಾದ ಪೆಟ್ಟಿಗೆ ಗಕ್ಕನೆ ಮೇಲೆದ್ದು ಅವನ ಎದೆಗೇ ಬಡಿಯಿತು. ಅವನಿಗೆ ಅನುಮಾನ ಬಂತು. ಬೀಗ ತೆಗೆಸಿದ. ಬೆಳ್ಳಗೆ ಹರಡಿಕೊಂಡ ಮಂಡಕ್ಕಿಯನ್ನು ಬೊಗಸೆಯಲ್ಲಿ ತೆಗೆದು ಮೂಸಿದ.

"ಇದೇನು?"

"ಅಕ್ಕಿ, ಸರ್."

"ಇದು ಅಕ್ಕಿ ಅಲ್ಲ."

"ಅಕ್ಕಿನೇ ಸರ್, ಉಬ್ಬಿದ ಅಕ್ಕಿ."

ಅವನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದ. ಪಕ್ಕದವನನ್ನೂ ಕರೆದು ತಿನ್ನಿಸಿದ. ಇಬ್ಬರೂ ಮುಖ ಮುಖ ನೋಡಿಕೊಂಡರು. "ರುಚಿ ಇಲ್ಲ," ಅಂದ.

"ರುಚಿ ಆಮೇಲೆ ನಾವು ಹಾಕ್ತೀವಿ," ಅಂದೆ. ಸಂಪದಾ ನನ್ನ ಸೆರಗು ಜಗ್ಗಿ "ಅಮ್ಮ, ಸುಮ್ನಿರು" ಎಂದಳು. ಬಿಟ್ಟರು.

ಲಮಾರಾ ಅಜ್ಜಿಯ ಮನೆ

ಇಳಿದುಕೊಂಡದ್ದು ಲಮಾರಾ ಎಂಬ ಅಜ್ಜಿಯ ಮನೆಯಲ್ಲಿ, ಏರುರಸ್ತೆಯ ಒಂದು ಹಳೆಯ ಕಟ್ಟಡದ ಮೇಲಂತಸ್ತು. ಲಿಫ್ಟು ಹತ್ತಿದರೆ ಒಳಗೆ ಗೋಡೆಗೆ ಒಂದು ಕಬ್ಬಿಣದ ಡಬ್ಬಿ, ಅದಕ್ಕೆ ನಾಣ್ಯ ಹಾಕುವ ಸೀಳು, ಅದರ ಮೇಲೆ ಯಾರೋ ಅಂಟಿಸಿದ ಮೇರಿಮಾತೆಯ ಪುಟ್ಟ ಚಿತ್ರ. ಹುಂಡಿ ಎಂದುಕೊಂಡೆ. ಕಾನ್ವೆಂಟಿನ ಅಭ್ಯಾಸ, ಕೈಮುಗಿದು ನಿಂತೆ. ಲಿಫ್ಟು ಕದಲಲಿಲ್ಲ. ಇನ್ನೊಮ್ಮೆ ಕೈಮುಗಿದೆ. ಹಿಂದಿನಿಂದ ಹತ್ತಿದ ಹೆಂಗಸೊಬ್ಬರು ಡಬ್ಬಿಗೆ ಕಾಸು ಹಾಕಿದರು, ಲಿಫ್ಟು ಗರ್ರೆಂದು ಹೊರಟಿತು. ಅಲ್ಲಿ ಹಳೆಯ ಲಿಫ್ಟುಗಳು ಕಾಸು ನುಂಗದೆ ಮೇಲೇರುವುದಿಲ್ಲವಂತೆ.

ಲಮಾರಾ ಅಜ್ಜಿಗೆ ಇಂಗ್ಲಿಷ್ ಬಾರದು. ನನ್ನ ಮೊಬೈಲಿನಲ್ಲಿದ್ದ ನಮ್ಮವರ ಫೋಟೊ ನೋಡಿ, ಸಂಪದಾಳ ಕಡೆ ಬೆರಳು ತೋರಿಸಿ "ಮಾಮಾ?" ಎಂದು ಕೇಳಿದರು. ಅಯ್ಯೋ, ಸೋದರಮಾವ ಅಂದುಕೊಂಡುಬಿಟ್ಟರಲ್ಲ ಎಂದು ನಾನು ಎರಡೂ ಕೈ ಆಡಿಸಿ, "ನೋ ಮಾಮ, ನೋ ಮಾಮ!" ಎಂದೆ. ಅಜ್ಜಿಯ ಮುಖ ಬಾಡಿತು. ನನ್ನ ಕೈ ಅದುಮಿದರು. ಸಂಪದಾಳ ತಲೆ ಸವರಿ, ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ರಾತ್ರಿಯೂ ಅವಳಿಗೇ ಎರಡೆರಡು.

ಮರುದಿನ ಸಂಪದಾ ಶಾಲೆಯಿಂದ ನಗುತ್ತಾ ಬಂದಳು. "ಅಮ್ಮ, ಇವರ ಭಾಷೇಲಿ ಮಾಮ ಅಂದ್ರೆ ಅಪ್ಪ! ನೀನು ನಿನ್ನೆಯಿಂದ ಆ ಫೋಟೊದಾಗಿರೋರು ನನ್ನ ಅಪ್ಪ ಅಲ್ಲ ಅಂತ ಹೇಳ್ತಿದ್ದೀ!"

ಮೊಬೈಲಿನ ಭಾಷಾಂತರ ಹಿಡಿದು ಅಜ್ಜಿಗೆ ವಿವರಿಸಿದ ಮೇಲೆ ಅವರು ಕುರ್ಚಿಯ ತೋಳು ಬಡಿದು ನಕ್ಕರು. ಎರಡನೆಯ ರೊಟ್ಟಿ ಮಾತ್ರ ನಿಲ್ಲಿಸಲಿಲ್ಲ. ಆ ರೊಟ್ಟಿಯ ಹೊಟ್ಟೆಯೊಳಗೆ ಕೆಂಪು ಕಾಳು ಬೇಯಿಸಿ ಅರೆದ ಹೂರಣ ಇರುತ್ತದೆ. ನೋಡಿದರೆ ನಮ್ಮ ಹೋಳಿಗೆ. ಬಾಯಿಗಿಟ್ಟರೆ ಉಪ್ಪು. ಮೊದಲ ತುತ್ತಿಗೆ ಬೆಲ್ಲ ಮರೆತವರ ಮೇಲೆ ಸಿಟ್ಟೇ ಬಂದಿತ್ತು, ವಾರ ಕಳೆಯುವುದರೊಳಗೆ ಅದಿಲ್ಲದೆ ಊಟ ಸೇರದಂತಾಯಿತು.

ಶಾಲೆಯ ಕಾರಿಡಾರು

ಬ್ಯಾಲೆ ಶಾಲೆಯ ಕಾರಿಡಾರಿನಲ್ಲಿ ಉದ್ದದ ಬೆಂಚುಗಳಿವೆ. ಅಮ್ಮಂದಿರು, ಅಜ್ಜಿಯರು ಅಲ್ಲಿ ಕೂತು ತುದಿಗಾಲಿನ ಶೂಗಳಿಗೆ ರಿಬ್ಬನ್ ಹೊಲಿಯುತ್ತಾರೆ. ಕೊಂಡ ಶೂಗೆ ರಿಬ್ಬನ್ ಇರುವುದಿಲ್ಲ, ಅವರವರ ಪಾದಕ್ಕೆ ತಕ್ಕಂತೆ ಅವರವರ ಮನೆಯವರೇ ಹೊಲಿಯಬೇಕು. ಹೂ ಕಟ್ಟುವಾಗ ನಮ್ಮ ಕಡೆಯ ಹೆಂಗಸರು ಹೇಗೆ ಕೈ ನೋಡದೆ ಮಾತಾಡುತ್ತಾರೋ ಹಾಗೆಯೇ ಅವರೂ ಮಾತಾಡುತ್ತಿದ್ದರು. ನನ್ನನ್ನೂ ಕರೆದು ಜಾಗ ಕೊಟ್ಟರು. ನಾನು ಒಂದೆರಡು ಹೊಲಿಗೆ ಹಾಕುವುದು, ಎದ್ದು ಬಾಗಿಲವರೆಗೆ ಹೋಗುವುದು, ಬಂದು ಕೂರುವುದು, ಮತ್ತೆ ಏಳುವುದು. ಮನೆಯಲ್ಲೂ ನಾನು ಹೀಗೆಯೇ ಎಂದು ನಮ್ಮವರು ಹೇಳುತ್ತಾರೆ. ಆದರೆ ಮನೆಯಲ್ಲಿ ಎದ್ದರೆ ಹಾಲೋ, ಕುಕ್ಕರೋ ಏನಾದರೂ ಕರೆದಿರುತ್ತದೆ. ಇಲ್ಲಿ ಏನೂ ಕರೆಯದೆ ಎದ್ದು ನಿಲ್ಲುತ್ತಿದ್ದೆ.

ಬಾಗಿಲು ಮುಚ್ಚಿರುತ್ತಿತ್ತು. ಒಳಗಿನಿಂದ ಪಿಯಾನೊ, ಅದರ ಮೇಲೆ ಏಕಾ ಮೇಡಂ ದನಿ. ಅವರ ಹೆಸರು ಕೇಳಿ ಸಂಪದಾ ಮೊದಲ ದಿನವೇ "ಏಕಾ ಅಂದ್ರೆ ಒಂದು, ಹಂಗಾದ್ರೆ ಎರಡನೇ ಮೇಡಂ ಎಲ್ಲಿ?" ಎಂದಿದ್ದಳು. ಎರಡನೆಯವರ ಅಗತ್ಯವೇ ಇರಲಿಲ್ಲ. ಅರವತ್ತು ದಾಟಿದ, ಕಡ್ಡಿಯಂತೆ ನೆಟ್ಟಗಿನ ಹೆಂಗಸು. ಶಾಲೆ ನಡೆಸುವವರೂ ಅವರೇ, ಪಾಠ ಹೇಳುವವರೂ ಅವರೇ.

ಮೊದಲ ದಿನಗಳಲ್ಲಿ ಬಾಗಿಲಾಚೆಯಿಂದಲೇ ನನಗೆ ಮಗಳು ಗೊತ್ತಾಗುತ್ತಿದ್ದಳು. ಮಕ್ಕಳೆಲ್ಲ ಒಟ್ಟಿಗೆ ಜಿಗಿದು ಇಳಿದಾಗ ಉಳಿದವರದ್ದು ಬಟ್ಟೆ ಕೊಡವಿದಂಥ ಸದ್ದು, ಅದರ ನಡುವೆ ಒಂದು "ದಬ್". ಅದು ನಮ್ಮವಳು. ನಿಟ್ಟುವಳ್ಳಿಯಲ್ಲಿ ಕಲಿತ ಕಾಲು. ನೆಲಕ್ಕೆ ಹೊಡೆದರೆ ಸದ್ದು ಬರಬೇಕು, ಬರದಿದ್ದರೆ ಇನ್ನೊಮ್ಮೆ ಹೊಡಿ ಎಂದು ಹೇಳಿಸಿಕೊಂಡ ಕಾಲು. ತರಗತಿ ಶುರುವಾಗುವ ಮುನ್ನ ಅವಳು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಾಗ ಏಕಾ ಮೇಡಂ ಕೇಳಿದರಂತೆ, "ಏನು ಬಿತ್ತು?"

"ಏನೂ ಬಿದ್ದಿಲ್ಲ ಮೇಡಂ. ನೆಲವನ್ನು ತುಳೀತೀವಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳ್ತೀವಿ."

ಏಕಾ ಮೇಡಂ, "ಇಲ್ಲಿ ತುಳಿಯುವುದಿಲ್ಲ. ನೀನು ಬಂದದ್ದು ನೆಲಕ್ಕೆ ಗೊತ್ತೇ ಆಗಬಾರದು," ಅಂದರಂತೆ. ಆಮೇಲೆ, "ಗೊತ್ತಾಗದ ಹಾಗೆ ಕಲಿಯುವವರೆಗೆ ಕ್ಷಮೆ ಕೇಳು, ತಪ್ಪಿಲ್ಲ."

ದಿನ ಹೋದಂತೆ ಆ ದಬ್ ಸಣ್ಣದಾಯಿತು. ಒಂದು ಬೆಳಿಗ್ಗೆ ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆ. ಪಿಯಾನೊ ಮೇಲೆದ್ದಿತು, ಮಕ್ಕಳು ಜಿಗಿದರು, ಬಟ್ಟೆ ಕೊಡವಿದ ಸದ್ದು. ಇನ್ನೊಮ್ಮೆ ಜಿಗಿದರು. ಅಷ್ಟೇ. ನನ್ನ ಮಗಳು ಎಲ್ಲಿ ಇಳಿದಳೆಂದು ಗೊತ್ತಾಗಲಿಲ್ಲ. ಅವಳು ಗೆದ್ದಿದ್ದಾಳೆಂದು ನನಗೆ ತಿಳಿಯದ್ದೇನಲ್ಲ. ಆದರೂ ಬಾಗಿಲಿನ ಗಾಜಿಗೆ ಮುಖ ಒತ್ತಿ, ಅವಳ ಜಡೆ ಕಾಣುವವರೆಗೆ ನೋಡಿದೆ. ಬೆಂಚಿನ ಅಜ್ಜಿಯರು ನನ್ನನ್ನು ನೋಡಿ ತಲೆಯಾಡಿಸಿದರು.

ಹೊಳೆದಂಡೆ

ಮಧ್ಯಾಹ್ನ ಅವಳು ಅಭ್ಯಾಸದಲ್ಲಿರುವಾಗ ನಾನು ನಡೆಯುತ್ತಿದ್ದೆ. ಊರ ನಡುವೆ ಕುರಾ ಎಂಬ ಹೊಳೆ ಹರಿಯುತ್ತದೆ. ಮಳೆಗಾಲದಲ್ಲಿ ಹರಿಹರದ ಸೇತುವೆಯಿಂದ ಕಾಣುವ ತುಂಗಭದ್ರೆಯ ಬಣ್ಣವೇ. ಆದರೆ ಎರಡೂ ಕಡೆ ಕಲ್ಲುಗೋಡೆ ಕಟ್ಟಿ, ಗೋಡೆಯ ಮೇಲೆ ವಾಹನ ಬಿಟ್ಟಿದ್ದಾರೆ. ನೀರಿಗೆ ಇಳಿಯಲು ಒಂದು ಮೆಟ್ಟಿಲು ಹುಡುಕಿ ಹುಡುಕಿ ಸೋತೆ. ಕಾಲು ಅದ್ದಲಾಗದ ಹೊಳೆಯನ್ನು ನೋಡುತ್ತಾ ನಿಲ್ಲಲು ನನಗಾಗುವುದಿಲ್ಲ.

ಬೀದಿನಾಯಿಗಳ ಕಿವಿಗೆ ಬಣ್ಣದ ಬಿಲ್ಲೆ ಹೊಡೆದಿರುತ್ತಾರೆ, ಚುಚ್ಚುಮದ್ದು ಆಗಿದೆ ಎಂಬ ಗುರುತು. ಅವು ರಸ್ತೆ ದಾಟಲು ಜನರ ಜೊತೆಯಲ್ಲೇ ಕಾಯುತ್ತವೆ. ಬಸ್ಸು ಒಂದು ಚರ್ಚಿನ ಮುಂದೆ ಹಾದರೆ ಒಳಗಿದ್ದವರ ಕೈಗಳೆಲ್ಲ ಎದೆಯ ಮೇಲೆ ಶಿಲುಬೆ ಬರೆಯುತ್ತವೆ, ಕಾಲೇಜು ಹುಡುಗರವೂ. ನಮ್ಮೂರ ದುಗ್ಗಮ್ಮನ ಗುಡಿ ಹತ್ತಿರ ಸ್ಕೂಟರಿನ ಒಂದು ಹಿಡಿ ಬಿಟ್ಟು ಎದೆ ಮುಟ್ಟಿಕೊಳ್ಳುವ ನಮ್ಮವರ ನೆನಪಾಗಿ, ನಾನೂ ಬಸ್ಸಿನಲ್ಲಿ ಎದೆ ಮುಟ್ಟಿಕೊಂಡೆ. ಯಾವ ದೇವರಿಗೆಂದು ಕೇಳಬೇಡಿ.

ಕೇಳಿಕೊಂಡದ್ದೇನು? ಅದೂ ಸರಿಯಾಗಿ ಗೊತ್ತಿರಲಿಲ್ಲ. ಈ ಶಾಲೆ ಬೇಸಿಗೆಯ ಕೊನೆಗೆ ಹೊರದೇಶದ ಒಂದೋ ಎರಡೋ ಮಕ್ಕಳನ್ನು ವರ್ಷವಿಡೀ ಕಲಿಯಲು ಉಳಿಸಿಕೊಳ್ಳುತ್ತದೆ ಎಂದು ಕಾರಿಡಾರಿನಲ್ಲಿ ಮಾತು. ಸಂಪದಾ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮೊಬೈಲ್ ಬೇಕು, ಪಿಜ್ಜಾ ಬೇಕು ಎಂದು ಮನೆ ತಲೆಕೆಳಗು ಮಾಡುವ ಹುಡುಗಿ ಇದನ್ನು ಮಾತ್ರ ಕೇಳುತ್ತಿರಲಿಲ್ಲ. ಕೇಳಿದ್ದರೆ ಇಲ್ಲ ಅನ್ನಬಹುದಿತ್ತು.

ರಂಗಮಂದಿರ

ಕೊನೆಯ ಪ್ರದರ್ಶನ ಶಾಲೆಯದೇ ಒಂದು ಸಣ್ಣ ರಂಗಮಂದಿರದಲ್ಲಿ. ಸಂತೆಯ ದೃಶ್ಯ. ಸಂಪದಾಳದ್ದು ಹಣ್ಣಿನ ಬುಟ್ಟಿ ಹೊತ್ತು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವ ಹುಡುಗಿಯ ಪಾತ್ರ. ನಡುವೆ ಒಮ್ಮೆ ತಿರುಗಿ, ಜಿಗಿದು, ಬುಟ್ಟಿ ಅಲುಗದಂತೆ ಇಳಿಯಬೇಕು. ಅಷ್ಟೇ. ಅಷ್ಟಕ್ಕಾಗಿ ನಾನು ಆ ದಿನ ಬೆಳಗಿನಿಂದ ಏನೂ ತಿಂದಿರಲಿಲ್ಲ. ಲಮಾರಾ ಅಜ್ಜಿ ಪಕ್ಕದಲ್ಲಿ ಕೂತು ನನ್ನ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದಿದ್ದರು. ಅದು ಕುಣಿಯುತ್ತಲೇ ಇತ್ತಂತೆ.

ಪರದೆಯ ಅಂಚಿನಲ್ಲಿ ಅವಳು ಕಂಡಳು. ಒಳಬರುವ ಮೊದಲು ಒಂದು ಗಳಿಗೆ ಬಗ್ಗಿ ನೆಲ ಮುಟ್ಟಿದಳು. ಹಿಂದಿನ ಹುಡುಗಿ ಅವಳಿಗೆ ಡಿಕ್ಕಿ ಹೊಡೆದಳು. ಬುಟ್ಟಿಯಿಂದ ಒಂದು ಸೇಬು ಉರುಳಿ ರಂಗದ ನಡುವಿಗೇ ಬಂದು ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಅಜ್ಜಿ ತಿವಿದರು. ಕಣ್ಣು ಬಿಟ್ಟಾಗ ಸಂಪದಾ ಗಾಳಿಯಲ್ಲಿದ್ದಳು. ಸೇಬಿನ ಆಚೆಗೆ ಇಳಿದಳು, ಸದ್ದಿಲ್ಲದೆ. ಇಳಿದ ಬಾಗಿನಲ್ಲೇ ಕೈಯಿಳಿಸಿ ಸೇಬು ಎತ್ತಿ, ಅದನ್ನು ಮಾರುವವಳಂತೆ ಜನರತ್ತ ಚಾಚಿ, ಬುಟ್ಟಿಗೆ ಹಾಕಿಕೊಂಡು ದಾಟಿಹೋದಳು. ಜನ ಚಪ್ಪಾಳೆ ಹೊಡೆದರು. ಹಾಗೆಯೇ ಹೇಳಿಕೊಟ್ಟಿದ್ದೆಂದು ಅವರೆಲ್ಲ ತಿಳಿದಿರಬೇಕು.

ಏಕಾ ಮೇಡಂ ಕೋಣೆ

ಮಕ್ಕಳು ಬಟ್ಟೆ ಬದಲಿಸುತ್ತಿರುವಾಗ ಏಕಾ ಮೇಡಂ ನನ್ನೊಬ್ಬಳನ್ನೇ ಒಳಗೆ ಕರೆದರು. ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಇಟ್ಟರು.

"ಸೆಪ್ಟೆಂಬರಿಗೆ ಒಂದು ಜಾಗ ಇದೆ, ಖರ್ಚೆಲ್ಲ ಶಾಲೆಯದು. ಬೆಳಿಗ್ಗೆ ನೃತ್ಯ, ಮಧ್ಯಾಹ್ನ ಶಾಲೆ. ಚಳಿಗಾಲದಲ್ಲಿ ದೊಡ್ಡ ಥಿಯೇಟರಿನವರು ನಮ್ಮ ಮಕ್ಕಳನ್ನು ಕರೆಯುತ್ತಾರೆ. ಹಿಮ, ಹಕ್ಕಿ, ಸಂತೆಯ ಜನ, ಏನಾದರೂ ಆಗಬೇಕು. ಚಿಕ್ಕ ಪಾತ್ರ. ಆದರೆ ದೊಡ್ಡ ಕಲಾವಿದರ ಪಕ್ಕ ನಿಲ್ಲುತ್ತಾರೆ. ಅದನ್ನು ನಾನು ಕ್ಲಾಸಿನಲ್ಲಿ ಕಲಿಸಲಾರೆ. ಇವತ್ತು ಸೇಬು ಎತ್ತಿದಳಲ್ಲ, ಅಂಥದ್ದು ಅಲ್ಲಿ ಬೆಳೆಯುತ್ತದೆ."

ನಾನು ತಲೆಯಾಡಿಸಿದೆ.

"ಹಾಸ್ಟೆಲಿಗೆ ಅವಳು ಚಿಕ್ಕವಳು. ಮೊದಲ ವರ್ಷ ತಾಯಿ ಜೊತೆಗಿರಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬ ಹುಡುಗಿ ಕಾಯುತ್ತಿದ್ದಾಳೆ. ನಾಡಿದ್ದು ನೀವು ಹೊರಡುವುದರೊಳಗೆ ನನಗೆ ಹೇಳಿ."

ತಾಯಿ ಜೊತೆಗಿರಬೇಕು. ವರ್ಷವಿಡೀ. ನನ್ನ ತಲೆಯೊಳಗೆ ನಮ್ಮವರ ಊಟದ ಡಬ್ಬಿ, ಅತ್ತೆಯ ಮಾತ್ರೆ, ಕೂಸಿನ್ನ ಬಿಟ್ಟು ಬರಬ್ಯಾಡ ಎಂಬ ಮಾತು, ಎಲ್ಲ ಒಂದರ ಮೇಲೊಂದು ಬಿದ್ದವು. ಯೋಚಿಸಬೇಕು, ಮನೆಯಲ್ಲಿ ಕೇಳಬೇಕು ಎಂದೆಲ್ಲ ಹೇಳಬೇಕಿತ್ತು. ಒಂದೂ ಬಾಯಿಗೆ ಬರಲಿಲ್ಲ. ಅಲ್ಲಿಂದ ಎದ್ದರೆ ಸಾಕೆನಿಸಿ ಎದ್ದೆ. ಹಿರಿಯರೆದುರಿನಿಂದ ಹೊರಡುವಾಗ ಆಡುವ ಮಾತೊಂದೇ ತಾನಾಗಿ ಬಂತು.

"ಥ್ಯಾಂಕ್ಯೂ ಮೇಡಂ. ವಿ ವಿಲ್ ಗೋ ಅಂಡ್ ಕಮ್."

ಏಕಾ ಮೇಡಂ ಎದ್ದು ಬಂದು ನನ್ನನ್ನು ತಬ್ಬಿ, ಎರಡೂ ಕೆನ್ನೆಗೆ ಮುತ್ತಿಟ್ಟರು. ಈ ದೇಶದವರ ಬೀಳ್ಕೊಡುಗೆ ಎಷ್ಟು ಆತ್ಮೀಯ ಎಂದುಕೊಂಡೆ. ಅವರು ಬಾಗಿಲು ತೆಗೆದು ಕಾರಿಡಾರಿನವರಿಗೆ ಏನೋ ಕೂಗಿ ಹೇಳಿದರು. ಬೆಂಚಿನ ಅಜ್ಜಿಯರು ಚಪ್ಪಾಳೆ ತಟ್ಟಿದರು. ಸೇಬಿಗಾಗಿ ಎಂದುಕೊಂಡು ಕೈಮುಗಿದೆ.

ಬಾಲ್ಕನಿ

ಮರುದಿನ ಸಂಪದಾ ಪ್ರದರ್ಶನದ ಬಟ್ಟೆ ವಾಪಸು ಕೊಡಲೆಂದು ಶಾಲೆಗೆ ಹೋದವಳು ಕೈಯಲ್ಲಿ ಒಂದು ಕಾಗದದ ಸುರುಳಿ ಹಿಡಿದು ಬಂದಳು. ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಪಕ್ಕ ಕೂತು ಅದನ್ನು ಬಿಡಿಸಿದಳು. ಅವಳ ಎರಡೂ ಪಾದಗಳ ಸುತ್ತ ಪೆನ್ಸಿಲಿನ ಗೆರೆ.

"ಇದೇನೇ?"

"ಶೂ ಮಾಡೋ ಆಂಟಿ ಅಳತೆ ತಗೊಂಡ್ರು. ಅವರ ಹತ್ರ ಒಂದು, ನನಗೊಂದು. ಸೆಪ್ಟೆಂಬರಿಗೆ ಅಂತ."

"ಯಾವ ಸೆಪ್ಟೆಂಬರಿಗೆ?"

ಅವಳು ನನ್ನ ಮುಖ ನೋಡಲಿಲ್ಲ. ಕಾಗದದ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡುತ್ತಿದ್ದಳು. "ನೀನೇ ಹೇಳಿದ್ಯಂತಲ್ಲ, ಊರಿಗೆ ಹೋಗಿ ಮತ್ತೆ ಬರ್ತೀವಿ ಅಂತ. ಮೇಡಂ ಎಲ್ರಿಗೂ ಹೇಳಿದ್ದಾರೆ."

ನನ್ನ ಕೈಯಲ್ಲಿದ್ದ ಟವೆಲ್ಲು ಅರ್ಧ ಮಡಿಕೆಯಲ್ಲೇ ನಿಂತಿತು.

"ನೀನು ಹೋಗಿ ಬರ್ತೀವಿ ಅಂದಿರಬೇಕಲ್ಲಮ್ಮ?" ಎಂದಳು ಮೆಲ್ಲಗೆ. "ನಮ್ಮೂರಿಂದು."

"ಹೂಂ."

"ನಾನೂ ಹಂಗೇ ಅಂದ್ಕೊಂಡೆ." ಕಾಗದವನ್ನು ಮತ್ತೆ ಸುತ್ತತೊಡಗಿದಳು. "ನೀನು ಬ್ಯಾಡ, ನಿನಗೆ ಮುಜುಗರ ಆಗ್ತೈತೆ. ನಾನೇ ಹೋಗಿ ಮೇಡಂಗೆ ಹೇಳ್ತೀನಿ ಬಿಡು."

ಎದ್ದು ಒಳಗೆ ಹೋದಳು. ಹಲಗೆಯ ನೆಲ, ಬೆಕ್ಕು ನಡೆದರೂ ಕಿರುಗುಟ್ಟುವಂಥದ್ದು. ಅವಳ ಹೆಜ್ಜೆ ಮಾತ್ರ ಕೇಳಲಿಲ್ಲ. ಅಳುತ್ತಿದ್ದಾಳೋ ಇಲ್ಲವೋ ಅದೂ ಕೇಳಲಿಲ್ಲ.

ನಾನು ಫೋನು ಮಾಡಿದೆ. ನಮ್ಮವರು ಹರಿಹರದ ಶೆಡ್ಡಿನಲ್ಲಿದ್ದರು. "ತಡಿ, ತಡಿ, ಲೇಥ್ ನಿಲ್ಲಿಸ್ತೀನಿ" ಅಂದರು. ನಡೆದದ್ದೆಲ್ಲ ಹೇಳಿದೆ. ಮೊದಲು ನಕ್ಕರು, ಆಮೇಲೆ ನಿಲ್ಲಿಸಿದರು.

"ಹೋಗಿ ಬರ್ತೀವಿ ಅಂದಿದ್ದಕ್ಕೆ ಕಾಲಿನ ಅಳತೆ ತಗೊಂಡ್ರಾ?"

"ಹೂಂರೀ."

"ನಿನಗೇನು ಅನ್ನಿಸ್ತೈತೆ ಶೈಲಾ? ಖರೆ ಹೇಳು."

"ಅವಳು ಇಳಿದಿದ್ದು ನನಗೆ ಕೇಳಿಸ್ಲಿಲ್ಲ ರೀ," ಅಂದೆ. ಅದು ಅವರಿಗೆ ಅರ್ಥವಾಗುವ ಮಾತಲ್ಲ. "ಇಲ್ಲಿ ಎಲ್ಲ ಕೊಡ್ತಾರೆ. ಆದ್ರೆ ನಾನೂ ಇರಬೇಕಂತೆ. ನೀವಿಬ್ರು ಹೆಂಗೆ?"

"ನಾನು ಹೆಂಗೋ ಮಾಡ್ಕೋತೀನಿ. ಅವ್ವಂಗೆ ಏನಂತ ಹೇಳಲಿ?"

ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದವರು ಮತ್ತೆ ಫೋನು ಮಾಡಿದರು. ಅವರು ಮಾತು ಶುರು ಮಾಡುವ ಮೊದಲೇ ಅತ್ತೆ ಕಸಿದುಕೊಂಡಿದ್ದರು.

"ಏನವ್ವ, ಆ ಮೇಡಂಗೆ ಹೋಗಿ ಬರ್ತೀವಿ ಅಂದ್ಯಂತೆ?"

"ಅಭ್ಯಾಸಬಲ ಅತ್ತೆ. ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿ ಯಾಕ ಬರ್ತೈತೆ? ನಾನೇ ಕಲಿಸಿದ್ದು. ಆಕೆ ಹಿರೇಳು, ನಿನ್ನ ಕೂಸಿಗೆ ವಿದ್ಯೆ ಕೊಟ್ಟಾಳೆ. ಆಕೆ ಮುಂದೆ ಬರ್ತೀವಿ ಅಂದು ಬರದೆ ಇದ್ರೆ ಆ ಮಾತಿಗೆ ಏನು ಉಳೀತು?"

"ಅತ್ತೆ, ನೀವೇ ಅಲ್ವಾ ಬಿಟ್ಟು ಬರಬ್ಯಾಡ ಅಂದಿದ್ದು?"

"ಬಿಟ್ಟು ಬರಬ್ಯಾಡ ಅಂದೆ. ಕೂಡಿ ಇರಬ್ಯಾಡ ಅಂದ್ನಾ? ಬರ್ತಾಳೆ ಅಂದಿಲ್ಲ ನೀನು, ಬರ್ತೀವಿ ಅಂದೀಯ. ನೀನೂ ಲೆಕ್ಕಕ್ಕೆ ಬಂದ್ಯಲ್ಲ."

ಹಿಂದಿನಿಂದ ನಮ್ಮವರ ದನಿ, "ಅವ್ವ, ಮನೆ ಹೆಂಗೆ ನಡೀತೈತೆ?"

"ಯಾಕ, ಆಕೆ ಬರೋಕಿಂತ ಮೊದ್ಲು ಈ ಮನ್ಯಾಗೆ ಒಲಿ ಹೊತ್ತಿರಲಿಲ್ಲೇನು? ನಿನ್ನ ಇಷ್ಟು ದೊಡ್ಡೋನ್ನ ಮಾಡಿದ್ದು ಗಾಳಿ ಕುಡಿಸಿನಾ?" ಮತ್ತೆ ನನಗೆ, "ಕೂಸು ಏನಂತೈತೆ?"

"ಏನೂ ಕೇಳೋದಿಲ್ಲ ಅತ್ತೆ."

"ಕೇಳದೇ ಇರೋ ಅಷ್ಟು ದೊಡ್ಡದಾತಾ?" ಅಂದರು. ಫೋನು ಇಟ್ಟರು.

ಮತ್ತೆ ಆ ಕೋಣೆ

ಹೊರಡುವ ದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ಸಂಪದಾ ನನ್ನ ಮುಂದೆ ಮುಂದೆ ನಡೆದಳು. ಮನೆಯಲ್ಲಿ ಮಾತಾಡಿದ್ದನ್ನು ಅವಳಿಗೆ ಹೇಳಿರಲಿಲ್ಲ. ಹೇಳಲು ನನಗೇ ಇನ್ನೂ ಧೈರ್ಯ ಸಾಲದಾಗಿತ್ತು. ಒಂದು ವರ್ಷ ಆ ಬೆಂಚಿನ ಮೇಲೆ ಕೂತು ನಾನು ಏನು ಮಾಡಲಿ? ಮೂರು ವಾರವೇ ಕೂರಲಾಗಿರಲಿಲ್ಲ.

ಏಕಾ ಮೇಡಂ ಎದುರು ಅವಳು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. "ಮೇಡಂ, ಒಂದು ತಪ್ಪು ಆಗಿದೆ. ನಮ್ಮೂರಲ್ಲಿ ಹೋಗ್ತೀನಿ ಅನ್ನುವುದಿಲ್ಲ, ಅಪಶಕುನ. ಹೋಗಿ ಬರ್ತೀನಿ ಅಂತಲೇ ಅನ್ನಬೇಕು. ಮೊನ್ನೆ ನಾನು ಹೇಳಿದ್ದು ಅದು, ಬರೀ ನಮಸ್ಕಾರ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದರೆ ನೀವು ಬರುವುದಿಲ್ಲ."

ಸಂಪದಾ ನೆಲ ನೋಡುತ್ತಿದ್ದಳು. ಅವಳ ಬಲಪಾದ ಮಾತ್ರ ಚಪ್ಪಲಿಯೊಳಗೆ ತುದಿಬೆರಳಿನ ಮೇಲೆ ಏರುವುದು, ಇಳಿಯುವುದು, ಏರುವುದು. ನನ್ನ ಹಾಗೆಯೇ, ಸುಮ್ಮನಿರಲು ಬಾರದ ಕಾಲು.

"ಇಲ್ಲ ಮೇಡಂ," ಅಂದೆ. "ಮೊನ್ನೆ ನಮ್ಮ ಭಾಷೆಯಲ್ಲಿ ಹೇಳಿದ್ದೆ. ಇವತ್ತು ನಿಮ್ಮ ಇಂಗ್ಲಿಷಿನಲ್ಲಿ ಹೇಳ್ತಿದ್ದೀನಿ. ವಿ ವಿಲ್ ಗೋ ಅಂಡ್ ಕಮ್."

ಸಂಪದಾಳ ಪಾದ ನಿಂತಿತು. ಆಮೇಲೆ ದಬ್ ಎಂದು ಸದ್ದಾಯಿತು. ಎರಡೂ ಕಾಲೆತ್ತಿ ನಿಂತಲ್ಲೇ ಜಿಗಿದಿದ್ದಳು. ಏಕಾ ಮೇಡಂ ಕಿವಿ ಮುಚ್ಚಿಕೊಂಡರು.

ದಾವಣಗೆರೆ ನಿಲ್ದಾಣ, ಇನ್ನೊಮ್ಮೆ

ಸೆಪ್ಟೆಂಬರಿನವರೆಗೆ ಊರಲ್ಲಿದ್ದ ಕೆಲವು ವಾರ ಸಂಪದಾ ಮನೆಯಲ್ಲಿ ಸದ್ದಿಲ್ಲದೆ ಓಡಾಡಿ ಅಜ್ಜಿಯನ್ನು ದಿನಕ್ಕೆ ಹತ್ತು ಸಲ ಬೆಚ್ಚಿಬೀಳಿಸಿದಳು. "ಗೆಜ್ಜೆನಾದ್ರೂ ಕಟ್ಕೊಳ್ಳೆ, ಎದೆ ಹಾರಿಹೋಗ್ತೈತೆ ನಂದು" ಎಂದು ಅತ್ತೆ ಬೈದರು. ಹೊರಡುವ ಹಿಂದಿನ ದಿನ ಅವಳು ಡಬ್ಬಿಯಿಂದ ಹಳೆಯ ಗೆಜ್ಜೆ ತೆಗೆದು ಕಟ್ಟಿಕೊಂಡು ಸಂಜೆಯವರೆಗೆ ಓಡಾಡಿದಳು. ಅತ್ತೆ ಅವತ್ತು ಏನೂ ಬೈಯಲಿಲ್ಲ.

ರೈಲು ಬಂದು ನಿಂತಿತು. ನಮ್ಮವರು ಮಂಡಕ್ಕಿಯ ಸೂಟ್‌ಕೇಸನ್ನು ಒಂದೇ ಬೆರಳಲ್ಲಿ ಎತ್ತಿ ಬೋಗಿಗೆ ಹಾಕಿ ನನ್ನನ್ನು ನಗಿಸಲು ನೋಡಿದರು. ನಾನು ಪ್ಲಾಟ್‌ಫಾರ್ಮಿನಲ್ಲಿ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ. ಮೇಲಿನ ಗೂಡಿನಲ್ಲಿ ಅತ್ತೆಯ ಬಿ.ಪಿ. ಮಾತ್ರೆ ಇಟ್ಟದ್ದು ಹೇಳಿದೆನೋ ಇಲ್ಲವೋ. ಹೇಳಿದೆ. ಮತ್ತೆ ಹೇಳಿದೆ. ಕೈಚೀಲದ ಒಂದು ಹಿಡಿ ಆಗಲೇ ಅತ್ತೆಯ ಕೈಯಲ್ಲಿತ್ತು.

"ಹೋಗಿ ಬರ್ತೀವಿ ಅತ್ತೆ."

ಅವರು ಹಿಡಿ ಬಿಡಲಿಲ್ಲ. ನನ್ನ ಮುಖವನ್ನೇ ನೋಡಿದರು.

"ಕನ್ನಡದಾಗ ಅಂದ್ಯೋ, ಇಂಗ್ಲಿಷ್‌ನಾಗ ಅಂದ್ಯೋ?"

"ಕನ್ನಡದಾಗ ಅತ್ತೆ."

"ಇನ್ನೊಂದ್ಸಲ ಅನ್ನು."

ಅಂದೆ. ಬೆರಳು ಒಂದೊಂದಾಗಿ ಸಡಿಲವಾದವು.